ನಂದಗಡದ ಆಲ ಮತ್ತು ಗೆದ್ದವರ ಮನಃಶೋಧನೆ

ಯುದ್ಧವೊಂದು ಮುಗಿದ ತರುವಾಯ ಗೆದ್ದವರ ಮುಂದೆ ಎರಡು ಕಾರ್ಯಗಳು ಉಳಿಯುವುವು. ಸೋತವರ ಕೈಯ ಆಯುಧವನ್ನು ಕಸಿದುಕೊಳ್ಳುವುದು ಒಂದು. ಆ ಆಯುಧವನ್ನು ಎತ್ತಿಸಿದ ವಿಚಾರವನ್ನು ಅವರ ಮನಸ್ಸಿನಿಂದ ತೆಗೆದುಹಾಕುವುದು ಇನ್ನೊಂದು. ಮೊದಲನೆಯದನ್ನು ಸೈನ್ಯವೇ ಮಾಡಿ ಮುಗಿಸಬಲ್ಲುದು. ಎರಡನೆಯದನ್ನು ಯಾರು, ಯಾವ ಅಧಿಕಾರದಿಂದ, ಯಾವ ಸಾಧನದಿಂದ ಮಾಡತಕ್ಕದ್ದು ಎಂಬ ಪ್ರಶ್ನೆ ರಾಜ್ಯಶಾಸ್ತ್ರಜ್ಞರನ್ನೂ ಇತಿಹಾಸಕಾರರನ್ನೂ ಇಂದಿಗೂ ಬಿಟ್ಟಿಲ್ಲ. 1945ರ ಮೇಲೆ ಜರ್ಮನಿಯಲ್ಲಿ ನಡೆದ ನಾಜಿಮತ ನಿರ್ಮೂಲನದ ಪ್ರಯತ್ನವು ಇದಕ್ಕೆ ಪ್ರಸಿದ್ಧ ನಿದರ್ಶನವೆಂದು ನಾವು ತರಗತಿಗಳಲ್ಲಿ ಹೇಳುತ್ತ ಬಂದಿರುವೆವು. ಹಾಗೆ ಹೇಳುತ್ತಿದ್ದಾಗ ಒಮ್ಮೆ ಖಾನಾಪುರ ತಾಲೂಕಿನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸರ್, ಇಂಗ್ಲಿಷರ ಕಣ್ಣಿಗೆ ನಮ್ಮ ರಾಯಣ್ಣನೂ ಹಿಂಗ ಕಂಡಿದ್ದನಲ್ಲರೀ? ಹಂಗಾದ್ರ ನಂದಗಡದಾಗ ಆದದ್ದೂ ಶುದ್ಧಿ ಏನ್ರಿ?" ಎಂದು ಕೇಳಿದನು. ತರಗತಿ ನಕ್ಕಿತು. ನಾವು ಅಂದು ಕೊಟ್ಟ ಉತ್ತರ ಹುಡುಗರಿಗೆ ಸಾಕಾಯಿತು, ನಮಗೆ ಸಾಕಾಗಲಿಲ್ಲ. ಈ ಲೇಖನ ಆ ಉತ್ತರದ ತಿದ್ದುಪಡಿ.

ಪ್ರಶ್ನೆಯ ತೊಡಕು ಇಷ್ಟು. 'ಉಗ್ರಮತ' ಎಂಬುದು ಮತವೊಂದರ ಸ್ವಭಾವವನ್ನು ಹೇಳುವ ಶಬ್ದವೋ, ಸೋತವನಿಗೆ ಗೆದ್ದವನು ಕೊಡುವ ಬಿರುದೋ? ಎರಡನೆಯದೇ ನಿಜವಾದರೆ ನ್ಯೂರೆಂಬರ್ಗಿನ ನ್ಯಾಯಾಸನಕ್ಕೂ ನಂದಗಡದ ನೇಣಿಗೂ ಅಂತರವೇ ಇಲ್ಲವೆಂದಾಗುವುದು. ಈ ತೀರ್ಮಾನ ಅಸಹ್ಯವೆಂದು ಯಾರಿಗೂ ಅನಿಸದಿರದು. ಆದರೆ ಅಸಹ್ಯವೆಂಬುದೇ ವಾದವಾಗಲಾರದು. ಅಂತರವೆಲ್ಲಿದೆಯೆಂದು ತೋರಿಸಬೇಕು. ಅದಕ್ಕಾಗಿ ನಮ್ಮ ನೆಲದ ಕಥೆಯನ್ನೇ ಮೊದಲು ಪರಿಶೀಲಿಸುವೆವು.

ಕಿತ್ತೂರಿನ ವೃತ್ತಾಂತ ವಾಚಕರಿಗೆ ಸುವಿದಿತವಾದುದರಿಂದ ಅದನ್ನು ವಿಸ್ತರಿಸುವ ಕಾರಣವಿಲ್ಲ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಮಡಿದನು. ಅವನ ಇಬ್ಬರು ಸಹಾಯಕರು, ಎಲಿಯಟ್ ಮತ್ತು ಸ್ಟೀವನ್‌ಸನ್, ಸೆರೆಯಾದರು. ಡಿಸೆಂಬರಿನ ಮೊದಲ ವಾರದಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಗೆದ್ದಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ದೇಹವಿಟ್ಟಳು. ಆ ವರ್ಷದ ಕೊನೆಗೆ ಸಂಗೊಳ್ಳಿಯ ರಾಯಣ್ಣ ದಂಡು ಕಟ್ಟಿದನು. ಮರುವರ್ಷದ ಜನವರಿಯಲ್ಲಿ ಬೀಡಿಯ ಸರಕಾರಿ ಕಚೇರಿ ಉರಿಯಿತು. ನಂದಗಡ, ಖಾನಾಪುರ, ಸಂಪಗಾವಿಗಳ ಸುತ್ತ ಕೆಲವು ತಿಂಗಳು ಸರಕಾರದ ಆಳಿಕೆ ಹೆಸರಿಗಷ್ಟೇ ಇತ್ತು. 1830ರ ಏಪ್ರಿಲ್ ತಿಂಗಳಲ್ಲಿ ಅವನನ್ನು ಮೋಸದಿಂದ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ನೇಣು ಹಾಕಿದರು.

ಇಲ್ಲಿ ವಿಮರ್ಶಕನು ಮೊದಲು ಕೇಳಬೇಕಾದುದು: ರಾಯಣ್ಣನ ಮತವಾದರೂ ಏನು? ಈಚಿನ ಭಾಷಣಗಳಲ್ಲಿ ಅವನ ಬಾಯಿಗೆ ನಾವು ತುಂಬುವ ಮಾತುಗಳನ್ನೆಲ್ಲ ಬದಿಗಿಟ್ಟು, ಅವನ ನಡತೆಯಿಂದ ಊಹಿಸಬಹುದಾದಷ್ಟನ್ನೇ ತೆಗೆದುಕೊಳ್ಳೋಣ. ಅವನು ಶೇತಸನದಿ, ಎಂದರೆ ಊರ ಕಾವಲಿನ ಮತ್ತು ದಂಡಿನ ಚಾಕರಿಗಾಗಿ ಹೊಲವನ್ನು ಉಂಬಳಿಯಾಗಿ ಉಣ್ಣುವವನು. ಸಂಸ್ಥಾನ ಹೋದೊಡನೆ ಚಾಕರಿ ಹೋಯಿತು. ಚಾಕರಿ ಹೋದೊಡನೆ ಹೊಲಕ್ಕೆ ಪಟ್ಟಿ ಬಿದ್ದಿತು. ಅವನು ಎತ್ತಿದ ಬೇಡಿಕೆ ದತ್ತುಮಗನನ್ನು ಗದ್ದುಗೆಗೆ ತರಬೇಕೆಂಬುದು. ಅವನ ದಂಡು ಸುಟ್ಟದ್ದು ಲೆಕ್ಕದ ಕಾಗದಗಳಿದ್ದ ಕಚೇರಿಯನ್ನು. ಈ ಮೂರನ್ನೂ ಕೂಡಿಸಿ ನೋಡಿದರೆ ಕಾಣುವುದು ಹಳೆಯ ಹಕ್ಕೊಂದರ ವಾದವೇ ಹೊರತು ಹೊಸದಾಗಿ ಹುಟ್ಟಿದ ಯಾವ ಉಗ್ರಸಿದ್ಧಾಂತವೂ ಅಲ್ಲ. ದೇಸಾಯಿಗೆ ದತ್ತಕದ ಹಕ್ಕು, ಸನದಿಗೆ ಹೊಲದ ಹಕ್ಕು: ಇವೆರಡೂ ಒಂದೇ ಎಳೆಯ ಎರಡು ತುದಿಗಳು. ಇದರಿಂದಲೇ ಬಡ ಸನದಿಗಳು ದೊರೆಮನೆಯ ವ್ಯಾಜ್ಯಕ್ಕೆ ಪ್ರಾಣ ಕೊಡಲು ಮುಂದಾದರು. ಇದನ್ನು ಕೇವಲ ಸ್ವಾಮಿನಿಷ್ಠೆಯೆಂದು ವರ್ಣಿಸುವವರು ಹೊಲವನ್ನು ಮರೆಯುತ್ತಾರೆ. ಕೇವಲ ಹೊಲದ ಸಿಟ್ಟೆಂದು ವರ್ಣಿಸುವವರಿಗೆ, ಖಾನಾಪುರದ ಅಡವಿಯ ಸಿದ್ಧಿಯರು ರಾಯಣ್ಣನೊಡನೆ ಏಕೆ ಕೂಡಿದರೆಂಬುದನ್ನು ಬಿಡಿಸಿ ಹೇಳಲಾಗದು. ಅವರಿಗೆ ಸನದು ಎಲ್ಲಿತ್ತು? ಗಜವೀರನ ಹೆಸರು ರಾಯಣ್ಣನ ಹೆಸರಿನ ಜತೆಗೇ ಜನರ ನಾಲಗೆಯಲ್ಲಿ ಉಳಿದಿದೆ.

ಸರಕಾರಿ ಬರವಣಿಗೆಗೆ ಈ ಪ್ರಶ್ನೆಗಳು ಬೇಕಿರಲಿಲ್ಲ. ಸ್ಟೋಕ್ಸ್ 1870ರಲ್ಲಿ ಬೆಳಗಾವಿ ಜಿಲ್ಲೆಯ ಇತಿಹಾಸ ಬರೆದನು. 1884ರಲ್ಲಿ ಮುಂಬಯಿ ಇಲಾಖೆಯ ಗ್ಯಾಝೆಟಿಯರಿನ ಬೆಳಗಾವಿ ಸಂಪುಟ ಹೊರಬಂದಿತು. ಎರಡೂ ಶ್ರಮದಿಂದ ಮಾಡಿದ ಕೆಲಸಗಳು. ಅವನ್ನು ಬಿಟ್ಟು ಈ ಜಿಲ್ಲೆಯ ಇತಿಹಾಸವನ್ನು ಯಾರೂ ಬರೆಯಲಾರರು. ಆದರೆ ಅವುಗಳಲ್ಲಿ ಕಿತ್ತೂರಿನ ಹೋರಾಟಕ್ಕೆ ದಂಗೆಯೆಂದೇ ಹೆಸರು. ದಂಗೆಯೆಂದ ಮೇಲೆ ಅದಕ್ಕೆ ಆರಂಭವೂ ಅಂತ್ಯವೂ ಇರುವುವು, ಕಾರಣವಿರಬೇಕೆಂಬ ನಿಯಮವಿಲ್ಲ. ಶಬ್ದದ ಆಯ್ಕೆಯೊಂದರಿಂದಲೇ ವಿಚಾರಣೆ ಹೇಗೆ ಮುಗಿದುಹೋಗುವುದೆಂಬುದಕ್ಕೆ ನಮ್ಮ ವಿದ್ಯಾರ್ಥಿಗಳು ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.

ಇನ್ನು ಮನಃಶೋಧನೆಯ ಸಾಧನಗಳಿಗೆ ಬರುವೆವು. ನೇಣಿನ ಸ್ಥಳವನ್ನೇ ಗಮನಿಸಬೇಕು. ಮನ್ರೋ 1818ರಲ್ಲಿ ಬೆಳಗಾವಿಯ ಕೋಟೆಯನ್ನು ಗೆದ್ದ ಮೇಲೆ ಅಲ್ಲಿ ದಂಡು ಬೇರೂರಿತ್ತು, ಕೋಟೆಯಿತ್ತು, ಕಾವಲಿತ್ತು. ಆದರೂ ರಾಯಣ್ಣನಿಗೆ ನಂದಗಡವನ್ನೇ ಆರಿಸಿದರು. ದಂಡು ಕಟ್ಟಿ ತಿರುಗಾಡಿದ ನೆಲದಲ್ಲಿ, ಅನ್ನ ಕೊಟ್ಟ ಜನರ ಕಣ್ಣೆದುರಿನಲ್ಲಿ ಶಿಕ್ಷೆಯಾಗಬೇಕೆಂಬ ಉದ್ದೇಶ ಇದರಲ್ಲಿ ಸ್ಪಷ್ಟವಾಗಿ ಕಾಣುವುದು. ಅದು ಒಬ್ಬನಿಗೆ ಕೊಟ್ಟ ಶಿಕ್ಷೆ, ಊರಿಗೆ ಹೇಳಿದ ಪಾಠ. ಹಿಡಿದುಕೊಟ್ಟವರಿಗೆ ಬಹುಮಾನ ಸಂದದ್ದು ಅದೇ ಪಾಠದ ಮತ್ತೊಂದು ಭಾಗ. ಕಿತ್ತೂರಿನ ಅರಮನೆ ಹಾಳಾಗಲು ಬಿಟ್ಟದ್ದು ಮೂರನೆಯದು. ಮುಂದೆ 1852ರ ಕಾಯಿದೆಯಂತೆ ಇನಾಮ್ ಕಮಿಶನ್ ಬಂದಿತು. ತಲೆಮಾರುಗಳಿಂದ ಉಂಡ ಹೊಲಕ್ಕೆ ಕಾಗದ ತೋರಿಸೆಂದು ಕೇಳಿತು. ಕಾಗದವಿಲ್ಲದವನ ಹಕ್ಕು ಹೋಯಿತು. 1857ರಲ್ಲಿ ನಿಃಶಸ್ತ್ರೀಕರಣದ ಕಾಯಿದೆ ಬಂದು ಮನೆಮನೆಯ ಕತ್ತಿ, ಬಂದೂಕುಗಳನ್ನು ಕೇಳಿತು.

ಇಪ್ಪತ್ತೇಳು ವರ್ಷಗಳ ಈ ಚಿಕಿತ್ಸೆಯ ಫಲವೇನು? 1857ರ ನವೆಂಬರಿನಲ್ಲಿ ಹಲಗಲಿಯ ಬೇಡರು ಆಯುಧ ಕೊಡೆವೆಂದು ಎದ್ದರು. 1858ರ ಮೇ 29ರಂದು ನರಗುಂದದ ಬಾಬಾಸಾಹೇಬ ಭಾವೆಯ ಜನರು ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ್ ಮ್ಯಾನ್‌ಸನ್ನನನ್ನು ಕೊಂದರು. ಜೂನ್ 12ರಂದು ಬಾಬಾಸಾಹೇಬನನ್ನು ಇದೇ ಬೆಳಗಾವಿಯಲ್ಲಿ ನೇಣಿಗೇರಿಸಿದರು. ಅವನ ಅಹವಾಲೇನಿತ್ತು? ದತ್ತಕ ತೆಗೆದುಕೊಳ್ಳಲು ಸರಕಾರ ಒಪ್ಪಿಗೆ ಕೊಡಲಿಲ್ಲವೆಂಬುದು. ಥ್ಯಾಕರೆ 1824ರಲ್ಲಿ ಕಿತ್ತೂರಿಗೆ ಹೇಳಿದ 'ಇಲ್ಲ' ಎಂಬ ಮಾತನ್ನೇ ಮುವ್ವತ್ತು ವರ್ಷಗಳ ಮೇಲೆ ನರಗುಂದಕ್ಕೂ ಹೇಳಿದರು. ಅದೇ ಫಲ ಬಂದಿತು. ನಮ್ಮ ಮತದಲ್ಲಿ ಇಡೀ ಪ್ರಕರಣದ ಮುಖ್ಯ ಸಂಗತಿ ಇದು. ದಂಗೆಯನ್ನು ರೋಗವೆಂದು ಬಗೆದ ಸರಕಾರ ರೋಗಿಯ ಕೈಕಾಲು ಕಟ್ಟಿತು, ಅವನ ಹೊಲವನ್ನು ಕಸಿಯಿತು, ಮನೆಯನ್ನು ಜಪ್ತಿ ಮಾಡಿತು, 'ಎಲ್ಲಿ ನೋವು?' ಎಂದು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಉತ್ತರ ಅದರದೇ ಕಾಯಿದೆಯ ಪುಸ್ತಕದಲ್ಲಿ ಸಿಗುತ್ತಿತ್ತು.

ಈ ಕಥೆಗೆ ಒಂದು ವಿನೋದದ ಅನುಬಂಧವುಂಟು. 1824ರಲ್ಲಿ ಕಿತ್ತೂರಿನಲ್ಲಿ ಸೆರೆಯಾಗಿದ್ದ ವಾಲ್ಟರ್ ಎಲಿಯಟ್ ಮುಂದೆ ಇದೇ ಸೀಮೆಯ ಶಿಲಾಶಾಸನಗಳ ಪ್ರತಿ ಮಾಡಿಸಿ, 1837ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಚಾಲುಕ್ಯರ ಇತಿಹಾಸಕ್ಕೆ ದಾರಿ ತೆರೆದನು. ಎಲಿಯಟ್ಟನ ದಾರಿಯಲ್ಲಿಯೇ ನಡೆದ ಮತ್ತೊಬ್ಬ ಅಧಿಕಾರಿ ಫ್ಲೀಟ್. ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು 1882ರಲ್ಲಿ ಬರೆದ ಅವನೇ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಕನ್ನಡ ಲಾವಣಿಗಳನ್ನು ಅನುವಾದಸಹಿತ ಅಚ್ಚು ಹಾಕಿಸಿದನು. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಹಾಡೂ ಇದೆ, ಹಲಗಲಿಯ ಬೇಡರ ಹಾಡೂ ಇದೆ. ನೇಣು ಹಾಕಿದ ಸರಕಾರದ ಅಧಿಕಾರಿಯೇ ಐವತ್ತು ವರ್ಷಗಳ ಮೇಲೆ ನೇಣಾದವನ ಹಾಡನ್ನು ಬರೆದುಕೊಂಡನು. ಇದನ್ನು ವಿದ್ವತ್ತಿನ ಔದಾರ್ಯವೆನ್ನಬೇಕೋ, ಇನ್ನು ಭಯವಿಲ್ಲವೆಂಬ ನೆಮ್ಮದಿಯೆನ್ನಬೇಕೋ? ಎರಡೂ ಇದ್ದಿರಬೇಕು. ನಮಗೆ ಬೇಕಾದುದು ಇಷ್ಟೇ: ನಂದಗಡದಲ್ಲಿ ಹೇಳಿದ ಪಾಠವನ್ನು ಊರು ಕಲಿತಿರಲಿಲ್ಲ. ಕಲಿತಿದ್ದರೆ ಫ್ಲೀಟನಿಗೆ ಬರೆದುಕೊಳ್ಳಲು ಹಾಡೇ ಇರುತ್ತಿರಲಿಲ್ಲ.

ಈಗ ಜರ್ಮನಿಯತ್ತ ನೋಡುವೆವು. ಅಲ್ಲಿ ಕೊನೆಗಾಣಿಸಬೇಕಾಗಿದ್ದ ಮತದ ಸ್ವರೂಪವೇ ಬೇರೆ. ಹುಟ್ಟಿನ ಕಾರಣದಿಂದಲೇ ಒಂದು ಜನಾಂಗ ಬದುಕಲು ಅನರ್ಹವೆಂದು ಸಾರಿ, ಅದರಂತೆ ಅರುವತ್ತು ಲಕ್ಷ ಯಹೂದ್ಯರನ್ನು ಕೊಂದ ಮತವದು. ಅದರಲ್ಲಿ ಕಳೆದುಹೋದ ಹಕ್ಕಿನ ಅಹವಾಲು ಮೂಲವಲ್ಲ, ಪರರ ನಾಶವೇ ಮೂಲ. ಯುದ್ಧದಲ್ಲಿ ಗೆದ್ದಿದ್ದರೂ ಅದು ನಿರ್ಮೂಲನಕ್ಕೆ ಯೋಗ್ಯವಾದುದೇ ಆಗಿರುತ್ತಿತ್ತು. ನಮ್ಮ ವಿದ್ಯಾರ್ಥಿಗೆ ಅಂದು ನಾವು ಹೇಳಬೇಕಾಗಿದ್ದ ಮೊದಲ ಮಾತು ಇದು. ಒಂದು ಮತವನ್ನು ಉಗ್ರವೆನ್ನಲು ಸೋಲನ್ನು ಸಾಕ್ಷಿಯಾಗಿ ತರಬಾರದು. 'ಈ ಮತ ಗೆದ್ದಿದ್ದರೆ ಯಾರು ಅಳಿಯುತ್ತಿದ್ದರು?' ಎಂದು ಕೇಳಬೇಕು. ರಾಯಣ್ಣ ಗೆದ್ದಿದ್ದರೆ ಕಿತ್ತೂರಿನಲ್ಲಿ ಬಾಲಕನೊಬ್ಬ ದೇಸಾಯಿಯಾಗುತ್ತಿದ್ದನು. ಸನದಿಗಳು ಹೊಲಕ್ಕೆ ಮರಳುತ್ತಿದ್ದರು. ಅದು ಸುವರ್ಣಯುಗವಾಗುತ್ತಿತ್ತೆಂದು ನಾವು ವಾದಿಸುವುದಿಲ್ಲ. ದೇಸಗತಿಯ ಆಡಳಿತದಲ್ಲಿ ರೈತನು ಬಿಟ್ಟಿ, ಬೇಗಾರಿಗಳಿಂದ ಮುಕ್ತನಾಗಿದ್ದನೆಂದು ನಂಬುವಷ್ಟು ಮುಗ್ಧರು ನಾವಲ್ಲ. ಆದರೆ ಯಾವ ಜನವೂ ಅಳಿಯುತ್ತಿರಲಿಲ್ಲ.

ಸಾಧನಗಳ ವಿಷಯದಲ್ಲಿಯಾದರೋ ಜರ್ಮನಿಯ ಕಥೆ ನಂದಗಡದ ಕಥೆಯನ್ನು ಅಲ್ಲಲ್ಲಿ ನೆನಪಿಗೆ ತರುವುದು. ಪ್ರಮುಖರ ವಿಚಾರಣೆ 1945ರ ನವೆಂಬರ್ 20ರಿಂದ 1946ರ ಅಕ್ಟೋಬರ್ 1ರವರೆಗೆ ನ್ಯೂರೆಂಬರ್ಗಿನಲ್ಲಿ ನಡೆಯಿತು. ಸಾಮಾನ್ಯರಿಗಾಗಿ 131 ಪ್ರಶ್ನೆಗಳ ಪತ್ರವನ್ನು ಅಚ್ಚುಹಾಕಿಸಿದರು: ಯಾವ ಸಂಘದಲ್ಲಿದ್ದೆ, ಯಾವ ಪದವಿ ಹೊಂದಿದ್ದೆ, ಯಾರಿಗೆ ಮತ ಹಾಕಿದೆ ಎಂದೆಲ್ಲ. 1946ರ ಮಾರ್ಚ್ ತಿಂಗಳ ಕಾನೂನಿನ ಮೇರೆಗೆ ಅಮೇರಿಕನ್ ವಲಯವೊಂದರಲ್ಲಿಯೇ ಒಂದು ಕೋಟಿ ಮೂವತ್ತು ಲಕ್ಷಕ್ಕೆ ಮೀರಿ ಜನರು ನಮೂನೆ ತುಂಬಿಕೊಟ್ಟರು. ಜನರನ್ನು ಐದು ತರಗತಿಗಳಾಗಿ ವಿಂಗಡಿಸುವ ಕ್ರಮವಿತ್ತು: ಮುಖ್ಯ ಅಪರಾಧಿಗಳು, ಅಪರಾಧಿಗಳು, ಅಲ್ಪಾಪರಾಧಿಗಳು, ಹಿಂಬಾಲಕರು, ನಿರ್ದೋಷಿಗಳು. ಪರಿಣಾಮವನ್ನು ಊಹಿಸಬಹುದು. ಎಲ್ಲರೂ ಹಿಂಬಾಲಕರಾಗಲು ಹವಣಿಸಿದರು. ನೆರೆಯವನು ಒಳ್ಳೆಯವನೆಂದು ನೆರೆಯವನು ಬರೆದುಕೊಟ್ಟನು; ಅವನಿಗೆ ಇವನು ಬರೆದುಕೊಟ್ಟನು. ಇಂಥ ಪ್ರಮಾಣಪತ್ರಕ್ಕೆ ಅಲ್ಲಿಯ ಜನರು ಬಟ್ಟೆ ತೊಳೆಯುವ ಸಾಬೂನು ಪುಡಿಯ ಹೆಸರಿಟ್ಟರು. ಗೇಣಿಯ ಹೊಲ ಉಳಿಸಿಕೊಳ್ಳಲು ತಲಾಠಿಯ ಮುಂದೆ ಪರಸ್ಪರ ಸಾಕ್ಷಿ ಹೇಳಿದವರನ್ನು ಕಂಡ ನಮ್ಮ ಕಡೆಯ ವಾಚಕರಿಗೆ ಇದರಲ್ಲಿ ಆಶ್ಚರ್ಯವೇನೂ ಇರದು. 1949ರ ಕೊನೆಗೆ ಕ್ಷಮಾದಾನದ ಕಾನೂನು ಬಂದಿತು. 1951ರ ಕಾನೂನು ಕೆಲಸ ಕಳೆದುಕೊಂಡಿದ್ದ ನೌಕರರಲ್ಲಿ ಬಹುಮಂದಿಗೆ ಮತ್ತೆ ಬಾಗಿಲು ತೆರೆಯಿತು.

ಹಾಗಾದರೆ ಆ ಪ್ರಯತ್ನ ವಿಫಲವೇ? ಹಾಗೆ ಹೇಳುವ ವಿಮರ್ಶಕರುಂಟು. ಅವರ ಮಾತು ಅರ್ಧ ನಿಜ. ನಮೂನೆಯ ಕಾಗದ ಯಾರ ಮನಸ್ಸನ್ನೂ ತಿದ್ದಲಿಲ್ಲ. ಆದರೆ ಅದೇ ಸಮಯದಲ್ಲಿ ಇನ್ನೊಂದು ಬಗೆಯ ಕೆಲಸ ಆರಂಭವಾಗಿತ್ತು. ಹೆಂಡತಿ ಯಹೂದ್ಯಳೆಂಬ ಕಾರಣದಿಂದ 1937ರಲ್ಲಿ ಅಧ್ಯಾಪಕ ಪದವಿ ಕಳೆದುಕೊಂಡಿದ್ದ ತತ್ತ್ವಜ್ಞ ಕಾರ್ಲ್ ಯಾಸ್ಪರ್ಸ್ ಹೈಡೆಲ್‌ಬರ್ಗಿನಲ್ಲಿ ಆ ಪದವಿಗೆ ಮರಳಿ, 1945-46ರ ಚಳಿಗಾಲದಲ್ಲಿ ಹಸಿದ ವಿದ್ಯಾರ್ಥಿಗಳ ಮುಂದೆ ಅಪರಾಧವನ್ನು ಕುರಿತು ಉಪನ್ಯಾಸ ಕೊಟ್ಟನು. ಅಪರಾಧದಲ್ಲಿ ನಾಲ್ಕು ಬಗೆಗಳನ್ನು ಅವನು ಬೇರ್ಪಡಿಸಿದನು. ಕಾಯಿದೆ ಮುರಿದವನದು ಒಂದು; ಅದಕ್ಕೆ ನ್ಯಾಯಾಲಯವೇ ಬೇಕು. ಅಂಥ ರಾಜ್ಯಕ್ಕೆ ಪ್ರಜೆಯಾಗಿದ್ದವರೆಲ್ಲರ ರಾಜಕೀಯ ಹೊಣೆ ಒಂದು; ಅದಕ್ಕೆ ದಂಡ ತೆರಬೇಕು. ತಾನು ಮಾಡಿದ, ಮಾಡದೆ ಬಿಟ್ಟ ಕೆಲಸಗಳಿಗಾಗಿ ಒಬ್ಬೊಬ್ಬನ ನೈತಿಕ ಹೊಣೆ ಒಂದು. ಅದರ ವಿಚಾರಣೆ ಅವನ ಅಂತಃಸಾಕ್ಷಿಗೆ ಸೇರಿದುದು. ಪಕ್ಕದವನು ಸಾಯುವಾಗ ತಾನು ಬದುಕಿ ಉಳಿದೆನೆಂಬ ಕೊರಗು ಕೊನೆಯದು. ಅದರ ತೀರ್ಪು ದೇವರದು. ಯಾಸ್ಪರ್ಸನ ವಿಂಗಡಣೆ ತರ್ಕಕ್ಕಿಂತ ಹೆಚ್ಚಾಗಿ ಉಪಯೋಗಕ್ಕೆ ಬರುವುದು. ಇಡೀ ಜನಾಂಗವನ್ನು ಅಪರಾಧಿಯೆನ್ನುವುದನ್ನೂ ಅದು ತಡೆಯಿತು, ತಾನು ನಮೂನೆ ತುಂಬಿಕೊಟ್ಟೆನಾದ್ದರಿಂದ ಶುದ್ಧನೆಂದು ಒಬ್ಬನು ಹೇಳಿಕೊಳ್ಳುವುದನ್ನೂ ತಡೆಯಿತು. ಕೊನೆಗೆ 1963ರಿಂದ 1965ರವರೆಗೆ ಫ್ರಾಂಕ್‌ಫರ್ಟಿನಲ್ಲಿ ಆಶ್‌ವಿಟ್ಸ್ ಶಿಬಿರದ ಕೆಲವರ ವಿಚಾರಣೆ ನಡೆದಾಗ ವಾದಿಸಿದವರೂ ಜರ್ಮನರು, ತೀರ್ಪು ಕೊಟ್ಟವರೂ ಜರ್ಮನರು. ಅದನ್ನು ಸಾಧ್ಯವಾಗಿಸಿದ ಸರಕಾರಿ ಅಭಿಯೋಜಕ ಫ್ರಿಟ್ಸ್ ಬಾವರ್ ಸ್ವತಃ ನಾಜಿಗಳಿಂದ ದೇಶ ಬಿಟ್ಟು ಓಡಬೇಕಾಗಿದ್ದವನು. ಸೋತ ದೇಶ ತನ್ನ ಭಾಷೆಯಲ್ಲಿ ತನ್ನ ಸಾಕ್ಷಿಗಳನ್ನು ಕೇಳಿದ ಮೇಲೆಯೇ ಪಾಠ ಮನೆಮಾತಾಯಿತು. ಅದಕ್ಕೆ ಹದಿನೆಂಟು ವರ್ಷ ಹಿಡಿಯಿತು.

ಕರ್ನಾಟಕದಲ್ಲಿಯೇ ಇದಕ್ಕೆ ಹತ್ತಿರವಾದ ಮತ್ತೊಂದು ಪ್ರಸಂಗವಿದೆ. ಬೆಳಗಾವಿಯ ಕಡೆಯವರಾದ ನಾವು ಅದನ್ನು ಪರರಾಜ್ಯದ ಸುದ್ದಿಯಂತೆ ಓದುವ ರೂಢಿಯಿರುವುದರಿಂದ ಹೇಳಲೇಬೇಕಾಗಿದೆ. ನಿಜಾಮನ ಹೈದರಾಬಾದಿನಲ್ಲಿ ಕಾಸಿಂ ರಝವಿಯ ರಝಾಕಾರರು ಬೆಳೆಸಿದ್ದು ನಿಸ್ಸಂದೇಹವಾಗಿ ಉಗ್ರಮತ. ಬಹುಸಂಖ್ಯಾತ ಪ್ರಜೆಗಳ ಮೇಲೆ ಆಳುವ ಹಕ್ಕು ಒಂದು ಧರ್ಮದವರಿಗೆ ಹುಟ್ಟಿನಿಂದ ಬಂದಿದೆಯೆಂಬ ನಂಬಿಕೆ ಅದರ ಬುಡ. 1948ರಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ಅದು ಮಾಡಿದ ಕೊಲೆಗಳನ್ನು ಆ ಊರು ಮರೆತಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು. ಐದು ದಿನಗಳಲ್ಲಿ ಯುದ್ಧ ಮುಗಿಯಿತು. ರಝವಿ ಸೆರೆಯಾದನು, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದನು. ಇಲ್ಲಿಯವರೆಗೆ ಎಲ್ಲ ಪಠ್ಯಪುಸ್ತಕಗಳೂ ಹೇಳುವುವು. ಆಮೇಲಿನದನ್ನು ಹೇಳುವ ಪುಸ್ತಕಗಳು ಕಡಿಮೆ. ರಝಾಕಾರನಿಗೆ ಸಲ್ಲಬೇಕಾಗಿದ್ದ ಸಿಟ್ಟು ಅವನ ಧರ್ಮದ ಸಾಮಾನ್ಯ ರೈತ, ನೇಕಾರ, ಅಂಗಡಿಕಾರರ ಮೇಲೆ ತಿರುಗಿತು. ಕೇಂದ್ರ ಸರಕಾರವೇ ಕಳಿಸಿದ ಪಂಡಿತ ಸುಂದರಲಾಲ ಮೊದಲಾದವರು ಅದೇ ವರ್ಷದ ಕೊನೆಗೆ ಊರೂರು ತಿರುಗಿ ವರದಿ ಬರೆದರು. ಸತ್ತವರು 27,000ದಿಂದ 40,000 ಎಂದು ಅವರ ಅಂದಾಜು. ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರಗಳೂ ಸೇರಿವೆ. ವರದಿಯನ್ನು ಪ್ರಕಟಿಸಲಿಲ್ಲ. ಅದು ವಾಚಕರ ಕೈಗೆ ಬರಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ನಿರ್ಮೂಲನಕ್ಕೆ ಯೋಗ್ಯವಾದ ಮತವೂ ಇಲ್ಲಿತ್ತು. ನಿರ್ಮೂಲನ ಮಾಡಿದ ರೀತಿಯಲ್ಲಿ ಘೋರವಾದ ತಪ್ಪೂ ಇತ್ತು. ಒಂದನ್ನು ಹೇಳುವವನು ಇನ್ನೊಂದನ್ನು ಮುಚ್ಚುವುದು ನಮ್ಮ ಇತಿಹಾಸ ಬರವಣಿಗೆಯ ದೊಡ್ಡ ದೌರ್ಬಲ್ಯ. ಮತವನ್ನು ಹಿಡಿಯಲು ಹೋದವರು ಮನುಷ್ಯರನ್ನು ಹಿಡಿದರು. ಯಾವ ಮನುಷ್ಯ ಯಾವ ಮತದವನೆಂದು ವಿಂಗಡಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಜರ್ಮನಿಯ 131 ಪ್ರಶ್ನೆಗಳನ್ನು ನಾವು ಮೇಲೆ ಹಾಸ್ಯ ಮಾಡಿದೆವು. ಗುಲಬರ್ಗಾ, ಬೀದರಗಳ 1948ರ ಕೊನೆಯ ತಿಂಗಳುಗಳನ್ನು ಓದಿದ ಮೇಲೆ ಆ ಹಾಸ್ಯ ನಮಗೆ ಸ್ವಲ್ಪ ಲಘುವಾಗಿ ಕಾಣುತ್ತದೆ. ಕೇಳಿ ತಿಳಿಯಲು ಹೊರಟವರು ತಪ್ಪಾಗಿ ಕೇಳಿದರು. ಇಲ್ಲಿ ಕೇಳಲೇ ಇಲ್ಲ.

ಇಷ್ಟು ದೂರ ಹೋಗಿ ಬಂದ ಮೇಲೆ ನಂದಗಡದ ಲಾವಣಿಗೆ ಮರಳಬೇಕು. ಸರಕಾರದ ಬರವಣಿಗೆಯನ್ನು ವಿಮರ್ಶಿಸಿದವರು ಜನರ ಹಾಡನ್ನು ವಿಮರ್ಶೆಯಿಲ್ಲದೆ ಬಿಡುವುದು ನ್ಯಾಯವಲ್ಲ. ರಾಯಣ್ಣನ ಕಥೆಯನ್ನು ಹಾಡುವ ಲಾವಣಿ, ಗೀಗೀ ಪದಗಳ ಪರಂಪರೆಗೆ ಶೌರ್ಯವೂ ಮೋಸವೂ ಎರಡು ಕಣ್ಣುಗಳು. ಹಳ್ಳದಲ್ಲಿ ಮೀಯುತ್ತಿದ್ದ ವೀರನನ್ನು ತನ್ನವರೇ ಹಿಡಿದುಕೊಟ್ಟರೆಂಬಲ್ಲಿ ಹಾಡುಗಾರನ ದನಿ ಏರುವುದು, ಕೇಳುವವರ ಕಣ್ಣು ತುಂಬುವುದು. ಕಲೆಯ ದೃಷ್ಟಿಯಿಂದ ಇದು ಸರಿಯೇ. ಕಾಯಿದೆಯ ಪುಸ್ತಕವನ್ನು ಖಳನನ್ನಾಗಿ ಮಾಡಿ ಯಾರೂ ಹಾಡು ಕಟ್ಟಲಾರರು. ಆದರೆ ಇದರಿಂದ ಆದ ಪರಿಣಾಮವೇನು? ಹಿಡಿದುಕೊಟ್ಟ ಇಬ್ಬರು ಗೌಡರ ಹೆಸರು, ಅವರ ಊರುಗಳ ಹೆಸರು ಇಂದಿಗೂ ಬೈಗುಳದಂತೆ ಬಳಕೆಯಲ್ಲಿವೆ. ದತ್ತಕವನ್ನು ತಿರಸ್ಕರಿಸಿದ ಸರಕಾರದ ನೀತಿ, ಸನದಿ ಹೊಲಕ್ಕೆ ಹಾಕಿದ ಪಟ್ಟಿ, ಇವು ಹಾಡಿನ ಹಿನ್ನೆಲೆಗೆ ಸರಿದುಹೋದುವು. ಆ ಇಬ್ಬರ ಹೆಸರನ್ನು ನಾವು ಈ ಲೇಖನದಲ್ಲಿ ಬೇಕೆಂದೇ ಬರೆದಿಲ್ಲ. ಅವರು ಮಾಡಿದ್ದು ಹೀನ ಕೆಲಸವೇ. ಆ ಮಾತಿಗೆ ನಾವು ಎರಡೆಣಿಸುವುದಿಲ್ಲ. ಆದರೆ ಎರಡು ಶತಮಾನದ ಈಚೆ ಆ ಊರಿನಲ್ಲಿ ಹುಟ್ಟಿದ ಹುಡುಗನು ಕಾಲೇಜಿಗೆ ಬಂದು ಊರಿನ ಹೆಸರು ಹೇಳಲು ಹಿಂಜರಿದರೆ, ಯಾಸ್ಪರ್ಸನ ನಾಲ್ಕು ಬಗೆಗಳಲ್ಲಿ ಅದು ಯಾವುದಕ್ಕೂ ಸೇರದು. ಅಪರಾಧ ರಕ್ತದಲ್ಲಿ ಇಳಿಯುವುದೆಂಬ ನಂಬಿಕೆಯನ್ನು ನಾವು ಜರ್ಮನಿಯಲ್ಲಿ ಖಂಡಿಸಿ ಬೈಲಹೊಂಗಲದಲ್ಲಿ ಒಪ್ಪಲಾಗದು.

ಸ್ಮರಣೆಯೂ ಕಾಲಕಾಲಕ್ಕೆ ಉಗ್ರವಾಗಬಲ್ಲುದು ಎಂಬುದಕ್ಕೆ ಬೆಳಗಾವಿಯ ಬೀದಿಗಳೇ ಸಾಕ್ಷಿ. 2021ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಮಹಾರಾಜರ ಪ್ರತಿಮೆಗೆ ಮಸಿ ಬಳಿದ ಸುದ್ದಿ ಬಂದಿತು. ಅದರ ಬೆನ್ನಿಗೇ ಬೆಳಗಾವಿಯ ಅನಗೋಳದಲ್ಲಿ ರಾಯಣ್ಣನ ಪ್ರತಿಮೆಯನ್ನು ಭಗ್ನಗೊಳಿಸಿದರು. ಕಲ್ಲು ತೂರಾಟ, ನಿಷೇಧಾಜ್ಞೆ, ಬಂಧನಗಳಾದುವು. ಗಡಿಯ ವಾದದಲ್ಲಿ ನಮ್ಮ ಪಕ್ಷ ಯಾವುದೆಂಬುದು ಗುಟ್ಟಲ್ಲ. ಕನ್ನಡದ ಅಧ್ಯಾಪಕರಾಗಿ ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಆದರೂ ವಿಮರ್ಶೆಯ ಧರ್ಮಕ್ಕಾಗಿ ಹೇಳಬೇಕಾದುದು: ರಾಯಣ್ಣ ಕಾದಿದ್ದು ಕನ್ನಡಿಗನಾಗಿ ಮರಾಠಿಗರ ಮೇಲೆ ಅಲ್ಲ, ಅವನ ತರುವಾಯ ಅದೇ ದತ್ತಕದ ಅಹವಾಲಿಗಾಗಿ ಬೆಳಗಾವಿಯಲ್ಲಿ ನೇಣಿಗೇರಿದ ಬಾಬಾಸಾಹೇಬನ ಮನೆಮಾತು ಮರಾಠಿ. ಇಬ್ಬರ ಶತ್ರುವೂ ಒಬ್ಬನೇ, ಇಬ್ಬರ ಶಿಕ್ಷೆಯೂ ಒಂದೇ. ಇಬ್ಬರ ಪ್ರತಿಮೆಗಳನ್ನು ಎದುರುಬದುರು ನಿಲ್ಲಿಸಿ ಕಾದಾಡುವವರಿಗೆ ಇತಿಹಾಸದಲ್ಲಿ ಆಧಾರವಿಲ್ಲ. ಗೆದ್ದವನು ಸೋತವನ ಮೇಲೆ ಹೊರಿಸಿದ ಬಿರುದನ್ನು ನಾವು ತಿರಸ್ಕರಿಸಿದೆವು. ಆದರೆ ಸೋತವನ ನೆನಪಿನಿಂದ ನಾವೇ ಹೊಸ ಬಿರುದುಗಳನ್ನು ಎರಕ ಹೊಯ್ಯುತ್ತಿರುವೆವೋ ಏನೋ ಎಂಬ ಸಂಶಯ ನಮ್ಮನ್ನು ಬಿಟ್ಟಿಲ್ಲ.

ಸಂಶೋಧನೆಯ ಕೆಲಸ ಇನ್ನೂ ಬಹಳವಿದೆ. ಖಾನಾಪುರ ತಾಲೂಕು ಕನ್ನಡ, ಮರಾಠಿ, ಕೊಂಕಣಿಗಳು ಒಂದೇ ಅಂಗಳದಲ್ಲಿ ಕೇಳಿಬರುವ ಸೀಮೆ. ಫ್ಲೀಟನು ಕನ್ನಡದ ಹಾಡನ್ನು ಬರೆದುಕೊಂಡನು. ಮರಾಠಿ ಮನೆಗಳಲ್ಲಿ, ಸಿದ್ಧಿಯರ ಹಾಡಿಗಳಲ್ಲಿ ರಾಯಣ್ಣನನ್ನು ಹೇಗೆ ನೆನೆಯುವರೆಂಬುದನ್ನು ಮುದುಕರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ಚೆನ್ನಮ್ಮನ ಹೆಸರಿನ ವಿಶ್ವವಿದ್ಯಾಲಯ 2010ರಲ್ಲಿ ಬೆಳಗಾವಿಗೆ ಬಂದಿದೆ. ರಾಯಣ್ಣನ ಹೆಸರಿನ ಕಾಲೇಜೂ ಇದೆ. ಹೆಸರಿಟ್ಟ ಮೇಲೆ ಕೆಲಸವೂ ಆಗಬೇಕಲ್ಲ.

ಆ ವಿದ್ಯಾರ್ಥಿಯನ್ನು ಮುಂದಿನ ವರ್ಷ ನಾವು ನಂದಗಡದಲ್ಲಿ ಕಂಡೆವು. ಜನವರಿ 26ರ ದಿನ. ಅತ್ತ ಶಾಲೆಯ ಮಕ್ಕಳು ಧ್ವಜವಂದನೆ ಮುಗಿಸಿ ಬರುತ್ತಿದ್ದರು. ಗಣರಾಜ್ಯದ ದಿನವೂ ರಾಯಣ್ಣನ ಬಲಿದಾನದ ದಿನವೂ ಒಂದೇ ಆದುದರಿಂದ ಅಲ್ಲಿ ಆ ದಿನ ಎರಡು ಮೆರವಣಿಗೆ. ಗೆಳೆಯನು ಸಮಾಧಿಯ ಮೇಲೆ ನೆಟ್ಟನೆಂದು ಹೇಳುವ ಆಲದ ಮರದ ಕೆಳಗೆ ಅವನು ತನ್ನ ತಾಯಿಯೊಡನೆ ನಿಂತಿದ್ದನು. ಮಕ್ಕಳಿಲ್ಲದವರು ಹರಕೆ ಹೊತ್ತು ಕಟ್ಟಿದ ಸಣ್ಣ ಸಣ್ಣ ತೊಟ್ಟಿಲುಗಳು ಕೊಂಬೆಗಳಲ್ಲಿ ತೂಗುತ್ತಿದ್ದುವು. ನಾವು ಹಳೆಯ ಪ್ರಶ್ನೆಯನ್ನು ನೆನಪಿಸಿ, ಉತ್ತರ ಬರೆಯುತ್ತಿರುವೆವೆಂದು ಹೇಳಿದೆವು. ಅವನು ನಕ್ಕು ತಾಯಿಯತ್ತ ತಿರುಗಿದನು. ಆ ತಾಯಿ ನಮ್ಮನ್ನು ಒಮ್ಮೆ, ಮರವನ್ನು ಒಮ್ಮೆ ನೋಡಿ, "ಇಲ್ಲಿ ಬೇಡಿಕೊಂಡ ಮ್ಯಾಲೇ ಹುಟ್ಯಾನ ನೋಡ್ರಿ ಇವ" ಎಂದಳು.